ಅತ್ತೆಯ ಬೆನ್ನು ನೋಡಿಕೊಂಡು ಹತ್ತಿದ ಗೋಪುರ

ಕಾಲುದಾರಿ ಶುರುವಾಗುವಲ್ಲಿ ನೆಟ್ಟಿದ್ದ ಫಲಕದಲ್ಲಿ ‘ಸುಲಭ ದಾರಿ, 3 ಕಿಲೋಮೀಟರ್, 1 ಗಂಟೆ’ ಎಂದಷ್ಟೇ ಬರೆದಿತ್ತು. ಮೊಣಕಾಲು ನೋವಿರುವ 67 ವರ್ಷದ ಅತ್ತೆ, 6 ವರ್ಷದ ಮಗಳು, 11ರ ಮಗ, ಗಂಡ ಮತ್ತು ನಾನು, ಹೀಗೆ ಐವರೂ ಒಟ್ಟಿಗೆ ಹತ್ತಬಹುದಾದ ಗುಡ್ಡ ಇದೆಂದು ನಾನು ಆರಿಸಿದ್ದೇ ಆ ‘ಸುಲಭ’ ಎಂಬ ಒಂದು ಮಾತನ್ನು ನಂಬಿ. ಗುಡ್ಡದ ತುದಿಯಲ್ಲಿ ಉಕ್ಕಿನ ವೀಕ್ಷಣಾ ಗೋಪುರವಿದೆ ಎಂಬುದು ಮಕ್ಕಳನ್ನು ಹೊರಡಿಸಲು ನನಗಿದ್ದ ಆಸೆಯ ಗಂಟು.

ಬುಡದಿಂದ ತುದಿಗೆ ಏರಿಕೆ ಸುಮಾರು 200 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಇಂದಿನ ಅಳತೆಗೆ ತಂದರೆ, ಗಂಟೆಗೆ 5 ಕಿಲೋಮೀಟರಿನಂತೆ ನಡಿಗೆಯ ಹೊತ್ತನ್ನು ಎಣಿಸಿ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಕೂಡಿಸಬೇಕು. ಅದರಂತೆ ನಮಗೆ 36 ನಿಮಿಷಕ್ಕೆ 20 ನಿಮಿಷ ಸೇರಿ 56 ನಿಮಿಷ ಸಾಕಿತ್ತು; ಫಲಕ ಬರೆದವರೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿರಬೇಕು. ಆದರೆ ಅದು ಗಟ್ಟಿಮುಟ್ಟಾಗಿ, ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ಸತ್ತ ಕೀಟವೊಂದರ ರೆಕ್ಕೆಯನ್ನು ಹಾಯಿಯಂತೆ ಎತ್ತಿ ಹಿಡಿದು ದಾರಿ ದಾಟುತ್ತಿದ್ದ ಇರುವೆಗಳನ್ನು, ಅವು ಆಚೆಯ ಬೇರಿನ ಸಂದಿಗೆ ಸೇರುವವರೆಗೂ ಕುಕ್ಕುರುಗಾಲಿನಲ್ಲಿ ಕೂತು ನೋಡಲೇಬೇಕೆಂದು ಹಟ ಹಿಡಿದ ಮಗಳಿಗೆ ಅದರಲ್ಲಿ ಜಾಗವಿಲ್ಲ. ಅವಸರವಿಲ್ಲದೆ ಹೆಜ್ಜೆ ಹಾಕುತ್ತ, ಉಸಿರು ಏರುವ ಮೊದಲೇ ನಿಲ್ಲುತ್ತಿದ್ದ ಅತ್ತೆಗೂ ಇಲ್ಲ. ಮುಂದೆ ಓಡಿ ಹೋಗಿ, ಕಾದು ಬೇಸತ್ತು, ಮತ್ತೆ ಇಳಿದು ಬರುತ್ತಿದ್ದ ಮಗನಂತೂ ಆ ಗುಡ್ಡವನ್ನು ಒಂದೂವರೆ ಸಲವಾದರೂ ಹತ್ತಿರಬೇಕು. ತುದಿ ಮುಟ್ಟಿದಾಗ ಹೊರಟು 2 ಗಂಟೆ 10 ನಿಮಿಷವಾಗಿತ್ತು.

ತುದಿಯಲ್ಲಿ ನಿಂತರೂ ಸುತ್ತಲಿನ ಮರಗಳ ಕಾಂಡಗಳಲ್ಲದೆ ಬೇರೇನೂ ಕಾಣಲಿಲ್ಲ. ಗೋಪುರ ಏಕಿದೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ಸಮುದ್ರದಷ್ಟು ಸಮತಟ್ಟಾದ ಬಯಲಿನ ನಡುವೆ 200 ಮೀಟರ್ ಎತ್ತರದಲ್ಲಿ ನಿಂತರೆ ದಿಗಂತ ಸುಮಾರು 50 ಕಿಲೋಮೀಟರ್ ದೂರ ಸರಿಯುತ್ತದೆ. 25 ಮೀಟರಿನ ಗೋಪುರ ಅದಕ್ಕೆ ಸೇರಿಸುವುದು 3 ಕಿಲೋಮೀಟರ್ ಮಾತ್ರ. ಆದರೆ ಮರಗಳ ನೆತ್ತಿಯನ್ನು ದಾಟಿಸದಿದ್ದರೆ ಮೊದಲಿನ ಐವತ್ತೂ ನಮ್ಮ ಪಾಲಿಗಿಲ್ಲ.

ಮೆಟ್ಟಿಲುಗಳು 140. ಮಳೆನೀರು ನಿಲ್ಲದಿರಲೆಂದು ಉಕ್ಕಿನ ಜಾಲರಿಯಿಂದ ಮಾಡಿದವು. ಹಾಗಾಗಿ ಪಾದದ ಕೆಳಗೆ ಏನಿದೆಯೋ ಎಲ್ಲವೂ ಕಾಣುತ್ತದೆ. ಮೂರನೆಯ ತಿರುವಿನವರೆಗೆ ಸುತ್ತ ಕೊಂಬೆಗಳಿದ್ದುದರಿಂದ ಧೈರ್ಯವಿತ್ತು. ನಾಲ್ಕನೆಯ ತಿರುವಿನಲ್ಲಿ ಎಲೆಗಳು ಮುಗಿದವು, ಗಾಳಿ ಶುರುವಾಯಿತು, ಗೋಪುರ ತುಸುವೇ ತೂಗಿತು. ಇಂಥ ಕಟ್ಟಡಗಳನ್ನು ಗಾಳಿಗೆ ಕೊಂಚ ಬಾಗುವಂತೆಯೇ ಕಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ತಲೆಗೆ, ನಡುಗುತ್ತಿದ್ದದ್ದು ಕಾಲು. ಎರಡೂ ಕೈಯಿಂದ ಕಂಬಿಯನ್ನು ತಬ್ಬಿ, ಬೋಲ್ಟೊಂದರ ಸುತ್ತ ಬೆಳೆದ ತುಕ್ಕಿನ ಉಂಗುರವನ್ನೇ ದಿಟ್ಟಿಸುತ್ತ ನಿಂತುಬಿಟ್ಟೆ. ಮೊಣಕಾಲಿನ ನೆಪದಲ್ಲಿ ಕೆಳಗೇ ಉಳಿಯುತ್ತಾರೆಂದು ನಾನು ಎಣಿಸಿದ್ದ ಅತ್ತೆ ಅಷ್ಟರಲ್ಲಿ ಹಿಂದಿನಿಂದ ಬಂದು, ನನ್ನನ್ನು ದಾಟಿ, ಎರಡು ಮೆಟ್ಟಿಲು ಮೇಲೆ ನಿಂತರು.

“ಕೆಳಗೆ ನೋಡಬೇಡಮ್ಮ. ನನ್ನ ಬೆನ್ನು ನೋಡಿಕೊಂಡು ಬಾ.”

ಉಳಿದ ಐವತ್ತು ಮೆಟ್ಟಿಲುಗಳಲ್ಲಿ ನಾನು ಕಂಡದ್ದು ಅವರ ಹಸಿರು ಶಾಲಿನ ಅಂಚನ್ನು, ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲಿಟ್ಟು ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಳ್ಳುವ ಅವರ ಕ್ರಮವನ್ನು. ನೋವಿದ್ದದ್ದು ಎಡಗಾಲಿಗೆ ಎಂಬುದು, ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೂ, ನನಗೆ ತಿಳಿದದ್ದು ಅಲ್ಲಿ.

ಮೇಲಿನ ಅಟ್ಟಣಿಗೆಯಲ್ಲಿ ನಿಂತು ನೋಡಿದರೆ ಬೆಟ್ಟಸಾಲುಗಳು ಒಂದರ ಹಿಂದೊಂದು, ದೂರವಾದಷ್ಟೂ ತೆಳುವಾಗುತ್ತ ಹೋಗಿದ್ದವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಗನಿಗೆ ಗೊತ್ತಿತ್ತು. ನೀಲಿಯೇಕೆ ಎಂದು ಕೇಳಿದ. ನಡುವಿನ ಗಾಳಿ ಬೆಳಕಿನ ನೀಲಿಯನ್ನೇ ಹೆಚ್ಚು ಚದುರಿಸುತ್ತದೆ, ದೂರ ಹೆಚ್ಚಿದಷ್ಟೂ ಆ ನೀಲಿ ದಪ್ಪವಾಗಿ ಬೆಟ್ಟದ ಮೇಲೆ ಪರದೆಯಂತೆ ಕೂರುತ್ತದೆ, ಎಂದು ಇವರು ವಿವರಿಸುತ್ತಿದ್ದರೆ ಮಗಳು ಅಳುವ ಮುಖ ಮಾಡಿದ್ದಳು. ಕೈಕಂಬಿಯ ಮೇಲಂಚು ಅವಳ ಕಣ್ಣಿಗಿಂತ ಎತ್ತರದಲ್ಲಿತ್ತು. ಎತ್ತಿಕೊಳ್ಳುವ ಧೈರ್ಯ ನಮಗಿರಲಿಲ್ಲ, ಎತ್ತಿಕೊಳ್ಳಲೂಬಾರದು. ಅತ್ತೆ ಅವಳ ಪಕ್ಕದಲ್ಲಿ ಜಾಲರಿಯ ಮೇಲೆಯೇ ಕೂತು, ಕಂಬಿಗಳ ಸಂದಿಯಿಂದ ಇಬ್ಬರೂ ನೋಡತೊಡಗಿದರು. ಮೇಲೆ ನಿಂತ ನಮಗೆ ಕಾಣದ ಒಂದು ಹಕ್ಕಿಗೂಡು, ಮರದ ನೆತ್ತಿಯ ಕವಲಿನಲ್ಲಿ, ಅವರಿಗೆ ಕಂಡಿತು. ಅದನ್ನು ನೋಡಲು ಕೊನೆಗೆ ನಾನೂ ಕೂರಬೇಕಾಯಿತು. ಎದ್ದಾಗ ಅಂಗೈಯಲ್ಲಿ ಜಾಲರಿಯ ಚೌಕಗಳು ಕೆಂಪಗೆ ಮೂಡಿದ್ದವು.

ಏರುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಕಷ್ಟ. ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯ ಸ್ನಾಯುಗಳು ತಡೆದು ಹಿಡಿಯಬೇಕು. ಅತ್ತೆ ಗೋಪುರವನ್ನು ಅಡ್ಡ ತಿರುಗಿ, ಎಡಗಾಲನ್ನು ಮೊದಲು ಇಳಿಸುತ್ತ ಇಳಿದರು; ಈ ಸಲ ಒಂದು ಮೆಟ್ಟಿಲು ಕೆಳಗೆ ನಾನಿದ್ದೆ. ಕಾಲುದಾರಿಯ ಇಳಿಜಾರಿಗೆ ಮಗ ಗಟ್ಟಿ ಕೋಲೊಂದನ್ನು ಹುಡುಕಿ ಕೊಟ್ಟ. ಬುಡ ಸೇರಿದ ಮೇಲೆ ಆತ ಫಲಕದ ಮುಂದೆ ನಿಂತು, ಚೀಲದಿಂದ ಪೆನ್ಸಿಲ್ ತೆಗೆದು, ‘1 ಗಂಟೆ’ಯನ್ನು ತಿದ್ದಲು ಹೊರಟಿದ್ದ. ಪೆನ್ಸಿಲ್ ಕಿತ್ತುಕೊಂಡೆ.

“ಅಜ್ಜಿಯೇ ತಿದ್ದು ಅಂದರು,” ಎಂದ.

ಅತ್ತೆ ಕೋಲೂರಿಕೊಂಡು ಬೇರೆಲ್ಲೋ ನೋಡುತ್ತಿದ್ದರು.