ಮೊರ ಅಲ್ಲಾಡಿಸ್ಬೇಡ ಕಣವ್ವ

ಈ ಸಲ ಊರಿಂದ ಬಂದ 25 ಕೆಜಿ ಅಕ್ಕಿಗೆ ಹುಳ ಬಿತ್ತು. ತಪ್ಪು ನನ್ನದೇ. ಮೂಟೆಗೆ ಬೇವಿನ ಸೊಪ್ಪು ಹಾಕು ಅಂತ ಅತ್ತೆ ಹೇಳಿದ್ದರು, ಮರೆತಿದ್ದೆ. ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಮೊರ ಇಟ್ಟುಕೊಂಡು ಕೂತೆ. ಊರ ಮಿಲ್ಲಿನ ಅಕ್ಕಿ, ಪಾಲಿಶ್ ಕಮ್ಮಿ. ನೆಲ್ಲು, ಹೊಟ್ಟು, ಮೂಗು ಕಪ್ಪಾದ ಕಾಳು, ಎಲ್ಲ ಹುಳದ ಬಣ್ಣವೇ. ಕಾಲು ಗಂಟೆ ಕೂತರೂ ನನಗೆ ಸಿಕ್ಕಿದ್ದು ನಾಲ್ಕು ಕಲ್ಲು, ಆರೇಳು ನೆಲ್ಲು, ಒಂದೇ ಒಂದು ಹುಳ.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರಿಗೆ 76 ವರ್ಷ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ನಾನು ಆರಿಸಿ ಪಕ್ಕಕ್ಕಿಟ್ಟ ಅಕ್ಕಿಯಲ್ಲೇ ಒಂಬತ್ತು ಹುಳ ತೆಗೆದರು.

"ನಿಮಗೆ ಹೆಂಗೆ ಕಾಣತ್ತೆ ಅತ್ತೆ?"

"ನೀನು ಸುಮ್ಕಿರಲ್ಲ. ಮೊರ ಅಲ್ಲಾಡಿಸ್ಬೇಡ ಕಣವ್ವ. ಕೆಳಗಿಟ್ಬುಟ್ಟು ನೋಡ್ತಾ ಕೂತ್ಕೊ. ಅದೇ ಎದ್ದು ಬತ್ತದೆ."

ನಾನು ಮೊರ ಕುಲುಕುತ್ತಿದ್ದೆ, ಬೆರಳಲ್ಲಿ ಅಕ್ಕಿ ಕೆದಕುತ್ತಿದ್ದೆ, ಸರಸರ ಕಣ್ಣಾಡಿಸುತ್ತಿದ್ದೆ. ಅತ್ತೆ ಅಕ್ಕಿಯನ್ನು ತೆಳ್ಳಗೆ ಹರಡಿ, ಮೊರವನ್ನು ನೆಲಕ್ಕಿಟ್ಟು, ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಾಗುತ್ತಾರೆ. ನಾನೂ ಹಾಗೇ ಕೂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೊರದ ಎಡ ಅಂಚಿನಲ್ಲಿ ಒಂದು ಕಾಳು ಮಿಸುಕಿತು. ನೋಡಿದರೆ ಅದರಡಿಯಿಂದ ಹುಳ ಮೂತಿ ಹೊರಗೆ ಹಾಕಿದೆ. ಎರಡು ಮೂರು ಮಿಲಿಮೀಟರ್ ಉದ್ದ, ಕಂದು ಮೈ, ಮುಂದೆ ಪುಟ್ಟ ಸೊಂಡಿಲು. ಅದನ್ನು ಹಿಡಿಯುವಷ್ಟರಲ್ಲಿ ಬಲಗಡೆ ಇನ್ನೊಂದು. ನಡುವೆ ಮತ್ತೊಂದು. ನಾನೇನೂ ಹುಡುಕಲಿಲ್ಲ, ತಾವೇ ಕಣ್ಣಿಗೆ ಬಿದ್ದವು.

ಇಲ್ಲಿ ಹುಳದ್ದೂ ಒಂದು ಆಟ ಇದೆ. ಈ ಸೊಂಡಿಲ ಹುಳ ಏನಾದರೂ ತಾಗಿದರೆ, ಅಲುಗಾಡಿಸಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ಬಿದ್ದಿರುತ್ತದೆ. ನಾನು ಕುಲುಕಿದಷ್ಟೂ ಅವು ನಾಟಕ ಮುಂದುವರಿಸಿದ್ದವು! ಇನ್ನು ಎದ್ದು ನಡೆದವು ಇದ್ದರೂ ನನಗೆ ಕಾಣುತ್ತಿರಲಿಲ್ಲ. ಸಾವಿರ ಕಾಳು ಒಟ್ಟಿಗೆ ಹರಿಯುವಾಗ ಅದರಲ್ಲೊಂದು ತನ್ನಷ್ಟಕ್ಕೆ ನಡೆದರೆ ಹೇಗೆ ಗೊತ್ತಾಗಬೇಕು?

ಮಗನಿಗೆ ಇದನ್ನು ಹೇಳಿದೆ. ಅವನು ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟ. 2011ರಲ್ಲಿ ಹಾರ್ವರ್ಡ್‌ನ ಜೋರ್ಡನ್ ಸುಚೋವ್ ಮತ್ತು ಜಾರ್ಜ್ ಅಲ್ವಾರೆಜ್ ತೋರಿಸಿದ್ದು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಬಳೆಯ ಹಾಗೆ ಬಣ್ಣಬಣ್ಣದ ಚುಕ್ಕಿಗಳು, ಒಂದೊಂದರ ಬಣ್ಣವೂ ಬದಲಾಗುತ್ತಿರುತ್ತದೆ. ಬಳೆ ನಿಂತಿರುವಾಗ ಅದು ಚೆನ್ನಾಗಿ ಕಾಣುತ್ತದೆ. ಬಳೆ ತಿರುಗಿತೋ, ಬಣ್ಣ ಬದಲಾಗುವುದು ನಿಂತೇ ಹೋದ ಹಾಗಾಗುತ್ತದೆ. ನಿಜಕ್ಕೂ ನಿಂತಿರುವುದಿಲ್ಲ, ಮೊದಲಿನ ಹಾಗೇ ಬದಲಾಗುತ್ತಿರುತ್ತದೆ. ಮೂರು ಸಲ ನೋಡಿದೆ. ಮಗ ಏನೋ ಕೈಚಳಕ ಮಾಡುತ್ತಿದ್ದಾನೆ ಅಂತಲೇ ಅನುಮಾನ ನನಗೆ.

ಗೊರಿಲ್ಲಾ ವಿಡಿಯೋ ಬಹಳ ಜನ ನೋಡಿರುತ್ತೀರಿ. 1999ರಲ್ಲಿ ಸೈಮನ್ಸ್, ಚಾಬ್ರಿಸ್ ಅನ್ನುವವರು ಮಾಡಿದ್ದು. ಬಿಳಿ ಅಂಗಿಯವರು, ಕಪ್ಪು ಅಂಗಿಯವರು ತಮ್ಮತಮ್ಮಲ್ಲಿ ಚೆಂಡು ಕೊಟ್ಟು ಆಡುತ್ತಿರುತ್ತಾರೆ. ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ಕೊಟ್ಟರು ಅಂತ ಎಣಿಸುತ್ತಾ ಕೂತರೆ, ನಡುವೆ ಗೊರಿಲ್ಲಾ ವೇಷದವರು ನಡೆದು ಹೋಗಿದ್ದು ಹೆಚ್ಚುಕಮ್ಮಿ ಅರ್ಧ ಜನಕ್ಕೆ ಕಾಣುವುದೇ ಇಲ್ಲ. ಜಾಸ್ತಿ ಜನ ಹೇಳದ ಒಂದು ಮಾತಿದೆ. ಕಪ್ಪು ಅಂಗಿಯವರನ್ನು ಎಣಿಸಿದವರಲ್ಲಿ ಗೊರಿಲ್ಲಾ ಕಂಡವರು ಜಾಸ್ತಿ. ಗೊರಿಲ್ಲಾನೂ ಕಪ್ಪು ಅಲ್ವಾ! ಬೆಳಿಗ್ಗೆ ನಾನು ಹುಡುಕುತ್ತಿದ್ದದ್ದು ಬಿಳಿ ಕಲ್ಲು. ಕಂದು ಹುಳ ನನ್ನ ಹೆಬ್ಬೆರಳ ಪಕ್ಕದಲ್ಲೇ ಹಾದು ಹೋಗಿರಬೇಕು. ಅತ್ತೆ ಯಾವತ್ತೂ ಮೊದಲು ಹುಳ, ಆಮೇಲೆ ಕಲ್ಲು, ಹೀಗೆ ಎರಡು ಸುತ್ತು ಆರಿಸುತ್ತಾರೆ. ಹಳೇ ಕಾಲದವರು, ನಿಧಾನ ಅಂದುಕೊಂಡಿದ್ದೆ ನಾನು.

ಹೋದ ದಸರೆಯಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಆದದ್ದೂ ನೆನಪಾಯಿತು. ನಾನು ಸ್ಕೂಟರ್‌ನಲ್ಲಿದ್ದೆ. ತಲೆ ಮೇಲೆ ಓಡುವ ದೀಪ, ಮಿನುಗುವ ದೀಪ, ಕೆಳಗೆ ಪೀಪಿ ಊದುವ ಹುಡುಗರು. ಮುಂದಿನ ಆಟೋ ಎಡಕ್ಕೆ ಇಂಡಿಕೇಟರ್ ಹಾಕಿತ್ತಂತೆ. ನೂರು ಮಿಣಮಿಣದ ನಡುವೆ ಅದೊಂದು ಮಿಣಮಿಣ ನನಗೆ ತಟ್ಟಲೇ ಇಲ್ಲ. ಬ್ರೇಕ್ ಹಿಡಿದೆ, ಮಡ್‌ಗಾರ್ಡ್ ಸ್ವಲ್ಪ ತಾಗಿತು ಅಷ್ಟೆ. "ಕಣ್ ಕಾಣಲ್ವಾ ಮೇಡಂ?" ಅಂದರು ಆಟೋದವರು. ಕಾಣುತ್ತಿತ್ತು. ಬೇಕಾದ್ದಕ್ಕಿಂತ ಜಾಸ್ತಿಯೇ ಕಾಣುತ್ತಿತ್ತು.

ಭಾನುವಾರ ಮಧ್ಯಾಹ್ನ ಅದೇ ಅಕ್ಕಿಯಲ್ಲಿ ಅನ್ನ ಮಾಡಿದೆ. ಎರಡು ಸುತ್ತು ಆರಿಸಿದ್ದೆ, ಮೊರ ಅಲ್ಲಾಡಿಸದೆ, ಅತ್ತೆ ಹೇಳಿದ ಹಾಗೆ. ಎಲ್ಲರೂ ಬಸ್ಸಾರು ಕಲಸಿಕೊಂಡು ಉಣ್ಣುತ್ತಿದ್ದೆವು. ಅತ್ತೆ ಮಾತಾಡದೆ ತಟ್ಟೆಯ ಅಂಚಿಗೆ ಏನೋ ಒಂದನ್ನು ಸರಿಸಿದರು. ನಾನು ನೋಡಿದ್ದು ನೋಡಿ, "ಬೆಂದ್ಮೇಲೆ ಅದೆಲ್ಲಿ ನಡೀತದೆ ಬುಡು" ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.