ಸಂಕ್ರಾಂತಿಯ ಕಿರಣ, ನವೆಂಬರಿನ ಕಿರಣ

ಈ ಸಲದ ಮಕರ ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರನ ಗುಹಾ ದೇವಾಲಯದ ಅಂಗಳದಲ್ಲಿ, ಸೂರ್ಯಪಾನ ಚಂದ್ರಪಾನಗಳ ಕಲ್ಲಿನ ಚಕ್ರಗಳ ಬಳಿ, ಜನಜಂಗುಳಿಯ ನಡುವೆ ನಿಂತಿದ್ದೆ. ಒಳಗೆ ಹೋಗಲು ಸಾಧ್ಯವೇ ಇರಲಿಲ್ಲ. ಕಿಟಕಿಯಿಂದ ಬಂದ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟಿದ್ದನ್ನು ಹೊರಗಿನ ಪರದೆಯಲ್ಲೇ ಕಂಡೆವು. ಹರಹರ ಮಹಾದೇವ ಎಂಬ ಕೂಗೆದ್ದಿತು. ಆ ಹೊತ್ತಿಗೆ ನನ್ನ ಕುತ್ತಿಗೆಯ ಹಿಂಭಾಗಕ್ಕೆ ಹಿತವಾದ ಬಿಸುಪು ತಗುಲಿತು. ಅದೇ ಇಳಿಬಿಸಿಲು! ಒಳಗೆ ಸ್ವಾಮಿಗೆ ಸೋಕಿದ್ದೇ ಹೊರಗೆ ನನಗೂ ಸೋಕುತ್ತಿತ್ತು. ಕಣ್ಣು ತುಂಬಿ ಬಂತು. ಇದನ್ನು ಬರೆಯುವಾಗಲೂ ಆ ಬಿಸುಪು ಅಲ್ಲೇ ಇದೆಯೇನೋ ಅನ್ನಿಸುತ್ತದೆ.

ಇದರಲ್ಲಿ ದೇವರ ಮಹಿಮೆ ಏನು ಬಂತು, ಶಿಲ್ಪಿ ಲೆಕ್ಕ ಹಾಕಿ ಕಿಟಕಿ ಇಟ್ಟಿದ್ದಾನೆ ಅಷ್ಟೇ ಎನ್ನುವವರಿದ್ದಾರೆ. ನಿಜವೇ, ಲೆಕ್ಕ ಹಾಕಿದ ಆ ಪುಣ್ಯಾತ್ಮನಿಗೂ ನನ್ನ ನಮಸ್ಕಾರ. ಆದರೆ ಲೆಕ್ಕ ಹಾಕಲು ಬಂದದ್ದಾದರೂ ಹೇಗೆ? ಸೂರ್ಯ ಮನಸ್ಸು ಬಂದ ಕಡೆ ಮುಳುಗುವವನಾಗಿದ್ದರೆ ಯಾವ ಶಿಲ್ಪಿ ಎಲ್ಲಿ ಕಿಟಕಿ ಇಡುತ್ತಿದ್ದ? ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರಾಚಾರ್ಯರು, ಜಗತ್ತಿಗೆ ಜಡ ಪ್ರಕೃತಿಯೇ ಮೂಲ ಎನ್ನುವ ಸಾಂಖ್ಯ ದರ್ಶನದವರಿಗೆ ಕೇಳುವುದೂ ಇದನ್ನೇ. ಮನೆ, ಉಪ್ಪರಿಗೆಗಳನ್ನೆಲ್ಲ ಬುದ್ಧಿವಂತ ಶಿಲ್ಪಿಗಳು ಕಟ್ಟುವುದನ್ನು ನೋಡುತ್ತೇವೆ. ಅಂಥ ಶಿಲ್ಪಿಗಳು ಮನಸ್ಸಿನಲ್ಲಿಯೂ ಎಣಿಸಲಾರದ ಈ ಜಗತ್ತನ್ನು ಜಡವಾದ ಪ್ರಧಾನ, ಅಂದರೆ ಆ ಮೂಲಪ್ರಕೃತಿ, ತಾನೇ ಹೇಗೆ ರಚಿಸೀತು? ಹಾಗೆಂದು ಬರೀ ಊಹೆಯಿಂದ ಈಶ್ವರನನ್ನು ಸಾಧಿಸಿಬಿಡಬಹುದು ಎಂದು ಆಚಾರ್ಯರು ಒಪ್ಪುವುದಿಲ್ಲ, ಶ್ರುತಿಯೇ, ಅಂದರೆ ವೇದವೇ, ಪ್ರಮಾಣ ಎನ್ನುತ್ತಾರೆ. ನನಗೆ ಈ ಎರಡೂ ಮಾತು ಬೇಕು. ಮೊದಲನೆಯದು ಕೈ ಮುಗಿಸುತ್ತದೆ, ಎರಡನೆಯದು ವಾದ ಗೆದ್ದೆ ಎಂದು ಬೀಗದಂತೆ ತಡೆಯುತ್ತದೆ.

ನಮ್ಮಜ್ಜಿಗೆ ಭಾಷ್ಯ ಗೊತ್ತಿರಲಿಲ್ಲ. ಊರಿನ ಮನೆಯ ಬೆಳಕಿಂಡಿಯಿಂದ ನಡುಮನೆಗೆ ಬೀಳುವ ಅಂಗೈಯಗಲದ ಬಿಸಿಲೇ ಅವರ ಗಡಿಯಾರ, ಪಂಚಾಂಗ ಎರಡೂ. ಬಿಸಿಲು ಒರಳಿನ ಹತ್ತಿರ ಬಂತೆಂದರೆ ಅಡುಗೆಗೆ ಏಳುವರು. ಪುಷ್ಯದಲ್ಲಿ ಅದು ಕಂಬದ ಬುಡ ಬಿಟ್ಟು ಸರಿಯಲು ಶುರುವಾದರೆ "ಸ್ವಾಮಿ ತಿರುಗಿದ ಕಣೇ" ಎನ್ನುವರು. ಆ ಬಿಸಿಲನ್ನು ಯಾರೂ ತುಳಿಯಕೂಡದು. ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುವಾಗ ಅಲ್ಲಿಗೆ ಬಂದರೆ ಬಟ್ಟೆ ಬದಿಗಿಟ್ಟು, ಒದ್ದೆ ಬೆರಳಿನಿಂದ ಬೆಳಕನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಯಾಕಜ್ಜಿ ಎಂದರೆ, "ದಿನಾ ಬರ್ತಾನಲ್ಲೇ, ಕರೀದೇ ಇದ್ರೂ" ಎಂದಿದ್ದರು.

ಅಜ್ಜಿಯ ಆ ಮಾತಿನ ತೂಕ ನನಗೆ ತಿಳಿದದ್ದು ಖಗೋಳದ ಒಂದು ವಿಷಯ ಓದಿದ ಮೇಲೆ. ಸೂರ್ಯ ತೀರಾ ದಕ್ಷಿಣಕ್ಕೆ ಹೋಗುವುದು ಡಿಸೆಂಬರ್ 21–22ಕ್ಕೆ. ಅದಕ್ಕೆ ಮೂರೂವರೆ ವಾರ ಮೊದಲು ಅವನು ಎಲ್ಲಿ ಮುಳುಗುತ್ತಾನೋ, ಮೂರೂವರೆ ವಾರ ಕಳೆದ ಮೇಲೂ ಹೆಚ್ಚುಕಡಿಮೆ ಅಲ್ಲೇ ಮುಳುಗುತ್ತಾನೆ. ಆದ್ದರಿಂದ ಗವಿಯೊಳಗಿನ ಲಿಂಗಕ್ಕೆ ನವೆಂಬರ್ ಕೊನೆಯಲ್ಲೂ ಇದೇ ಕಿರಣ ಬೀಳುತ್ತದೆ. ಆಗ ಈ ನೂಕುನುಗ್ಗಲು ಇರುವುದಿಲ್ಲ, ಪರದೆ, ಕ್ಯಾಮೆರಾ ಯಾವುದೂ ಇರುವುದಿಲ್ಲ. ಕರೆಯದಿದ್ದರೂ ಬರುತ್ತಾನೆ!

ಸಂಕಟವಾಗುವುದು ಬೇರೆ ವಿಷಯಕ್ಕೆ. 2021ರ ಸಂಕ್ರಾಂತಿಗೆ ಮೋಡ ಅಡ್ಡ ಬಂದು ಕಿರಣ ಕಾಣಲಿಲ್ಲ. ಅಪಶಕುನ, ಗಂಡಾಂತರ ಎಂದು ಎಷ್ಟು ಹೆದರಿಸಿದರು! ಮೋಡ ಕಟ್ಟುವುದೂ ಅವನ ನಿಯಮದಂತೆಯೇ ಅಲ್ಲವೇ? ಶಿವ ನಮ್ಮನ್ನು ಹೆದರಿಸಲು ಮೋಡ ಕಳಿಸುತ್ತಾನೆ ಎನ್ನುವುದು ಭಕ್ತಿಯಲ್ಲ. ಮಕ್ಕಳಿಗೆ ಎಳ್ಳುಬೆಲ್ಲ ಕೊಟ್ಟು ಫೋಟೋ ತೆಗೆದು ಸುಮ್ಮನಾಗುತ್ತೇವೆ. ಉತ್ತರಾಯಣವೆಂದರೇನು, ಸಂಕ್ರಾಂತಿ ಸುಮಾರು 72 ವರ್ಷಕ್ಕೊಂದು ದಿನದಂತೆ ಯಾಕೆ ಮುಂದೆ ಸರಿಯುತ್ತಿದೆ ಎಂದು ಹೇಳಿಕೊಡುವವರು ಕಡಿಮೆಯಾದರು. ಅದನ್ನು ಹೇಳಿಕೊಡುವುದೂ ಪೂಜೆಯೇ.

ಹಾಗಾದರೆ ಇಷ್ಟೆಲ್ಲ ಅಚ್ಚುಕಟ್ಟು ಯಾತಕ್ಕಾಗಿ? ಆಚಾರ್ಯರು ಇದಕ್ಕೆ ಲೀಲೆ ಎನ್ನುತ್ತಾರೆ. ಉಸಿರಾಟಕ್ಕೆ ಹೊರಗಿನ ಯಾವ ಪ್ರಯೋಜನದ ಹಂಗೂ ಇಲ್ಲ, ಅದು ಸ್ವಭಾವ. ಪೂರ್ಣನಾದವನಿಗೆ ಸೃಷ್ಟಿಯೂ ಹಾಗೆಯೇ. ಮೊದಲೆಲ್ಲ ಈ ಉತ್ತರ ನನಗೆ ಸಾಲದು ಅನ್ನಿಸುತ್ತಿತ್ತು. ಕುತ್ತಿಗೆಗೆ ಆ ಬಿಸಿಲು ತಾಕಿದ ಮೇಲೆ ಮತ್ತೇನನ್ನೂ ಕೇಳಬೇಕೆನಿಸಿಲ್ಲ. ಬರುವ ನವೆಂಬರ್ ಕೊನೆಗೆ ಒಂದು ಸಂಜೆ ಬಿಲ್ವ ಹಿಡಿದು ಹೋಗುತ್ತೇನೆ, ತಮ್ಮನ ಮಕ್ಕಳನ್ನೂ ಕರೆದುಕೊಂಡು. ಬಿಡುವಿದ್ದರೆ ನೀವೂ ಬನ್ನಿ.