ಕರೆಂಟ್ ಹೋದಾಗ ಫೈಲ್ ಖಾಲಿ ಆಗುವುದು ಯಾಕೆ?

ಬದಿಯಡ್ಕದ ಮಳೆಗಾಲ ಗೊತ್ತಲ್ವಾ, ಗುಡುಗು ಬಂದರೆ ಕರೆಂಟ್ ಹೋಗುತ್ತದೆ. ಮಾವನ ಅಡಿಕೆ ಲೆಕ್ಕಕ್ಕೆ ನಾನು ಬರೆದ ಪ್ರೋಗ್ರಾಂ ಹಳೆ ಲಿನಕ್ಸ್ ಕಂಪ್ಯೂಟರಿನಲ್ಲಿದೆ. ಹೋದ ವಾರ ಕರೆಂಟ್ ಬಂದ ಮೇಲೆ ನೋಡಿದರೆ ಆ ದಿನದ ಫೈಲ್ ಇದೆ, ಹೆಸರೂ ಸರಿ ಇದೆ, ಆದರೆ ಗಾತ್ರ 0 ಬೈಟ್.

"ಬರೆದದ್ದು ಎಲ್ಲಿಗೆ ಹೋಯ್ತು ಮಾರಾಯ?" ಅಂದರು ಮಾವ.

ಮೊದಲು ಡಿಸ್ಕ್ ಡ್ರೈವರ್ (ಡಿಸ್ಕನ್ನು ನಡೆಸುವ ಪ್ರೋಗ್ರಾಂ) ಮೇಲೆ ಅನುಮಾನ ಬಂತು. ಲಿನಕ್ಸ್‌ನ ತಿರುಳು ಬರೆದಿಡುವ ಕರ್ನಲ್ ಲಾಗ್‌ನಲ್ಲಿ ರೀಸೆಟ್ ಇಲ್ಲ, ಎರರ್ ಇಲ್ಲ, 'ರಿಕವರಿ ಕಂಪ್ಲೀಟ್' ಅನ್ನುವ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ನ ಒಂದು ಸಾಲು ಮಾತ್ರ. ಅಂದರೆ ಜರ್ನಲ್ (ಫೈಲ್ ಸಿಸ್ಟಂ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ದಿನಚರಿ) ತನ್ನ ಕೆಲಸ ಮಾಡಿದೆ.

ಕರೆಂಟ್ ಹೋದ ಹಾಗೆ ಮಾಡಿ ನೋಡಲು, ಕಂಪ್ಯೂಟರಿನೊಳಗೆ ಪ್ರೋಗ್ರಾಂ ಆಗಿ ಓಡುವ ನಕಲಿ ಕಂಪ್ಯೂಟರ್ ಆದ ವರ್ಚುವಲ್ ಮಶೀನ್‌ನಲ್ಲಿ ಹೊಸ ಫೈಲ್ ಬರೆದು 10 ಸೆಕೆಂಡ್ ಬಿಟ್ಟು ಆ ಮಶೀನನ್ನೇ ಥಟ್ಟನೆ ಕೊಂದೆ. ಮತ್ತೆ 0 ಬೈಟ್! ಒಂದು ನಿಮಿಷ ಬಿಟ್ಟು ಕೊಂದರೆ ಎಲ್ಲ ಸರಿ. ಇಎಕ್ಸ್‌ಟಿ4 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಜರ್ನಲ್ ಕಮಿಟ್ ಮಾಡುತ್ತದೆ (ಡಿಸ್ಕಿಗೆ ಬರೆದು ಖಾಯಂ ಮಾಡುತ್ತದೆ), ಹಾಗಾಗಿ ಫೈಲಿನ ಹೆಸರು ಬೇಗ ಡಿಸ್ಕ್ ಸೇರುತ್ತದೆ, ಆದರೆ ಒಳಗಿನ ಡೇಟಾಗೆ ಜಾಗ ಹಂಚುವುದನ್ನು ಮುಂದೂಡಿ ಸುಮಾರು 30 ಸೆಕೆಂಡ್ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ವೇಗಕ್ಕೆ ಅದು ಒಳ್ಳೆಯದೇ, ಆದರೆ ಆ ನಡುವೆ ಕರೆಂಟ್ ಹೋದರೆ ಹೆಸರು ಮಾತ್ರ ಉಳಿಯುತ್ತದೆ.

ಬರೆದ ಕೂಡಲೇ, ಡೇಟಾವನ್ನು ಆಗಲೇ ಡಿಸ್ಕಿಗೆ ಬರೆಸುವ ಎಫ್‌ಸಿಂಕ್ ಕರೆಯಬೇಕಿತ್ತು, ಹೊಸ ಫೈಲ್ ಆದರೆ ಅದಿರುವ ಡೈರೆಕ್ಟರಿಗೂ (ಫೋಲ್ಡರಿಗೂ). ಎರಡನ್ನೂ ಸೇರಿಸಿದೆ. ನಿನ್ನೆ ರಾತ್ರಿ ಮತ್ತೆ ಕರೆಂಟ್ ಹೋಯಿತು. ಲೆಕ್ಕ ಪೂರ್ತಿ ಇದೆ.